ಬೀಗ ಹಾಕಿದ ಮನೆಯಲ್ಲಿ ಏಳು ದಿನ



ಕಳೆದ ತಿಂಗಳು ಹಂಸಭಾವಿಯ ಹಿರಿಯ ಶರಣರೊಬ್ಬರಿಂದ ನಮಗೊಂದು ಪತ್ರ ಬಂದಿತು. ಎಪ್ಪತ್ತೆಂಟರ ಪ್ರಾಯದ ಅವರು, ಧರ್ಮಪತ್ನಿಯವರು ಲಿಂಗೈಕ್ಯರಾದ ಬಳಿಕ, ಹಾವೇರಿಯಲ್ಲಿ ಕಿರಿಯ ಮಗನ ಮನೆಯಲ್ಲಿದ್ದಾರೆ. ಹಂಸಭಾವಿಯ ಮನೆಗೆ ಮೂರು ವರ್ಷಗಳಿಂದ ಬೀಗ. ಹಿರಿಯ ಮಗ ಇಂಗ್ಲೆಂಡಿನಲ್ಲಿ ಉದ್ಯೋಗಿ. ಆತ ಮಡದಿ ಮಕ್ಕಳೊಡನೆ ಬರುವ ಆಗಸ್ಟಿನಲ್ಲಿ ಊರಿಗೆ ಬರುವವನಿದ್ದಾನೆ. "ಮೊಮ್ಮಕ್ಕಳಿಗೆ ಹಳ್ಳಿ ತೋರಿಸಬೇಕಂತೆ. ಮಲೆನಾಡಿನ ಕಡೆ ಒಂದು ಶುಚಿಯಾದ ಅತಿಥಿಗೃಹ ಇದ್ದರೆ ತಿಳಿಸಬೇಕು" ಎಂಬುದು ಅವರ ಕೋರಿಕೆ. ಪತ್ರದ ತಳದಲ್ಲಿ, ಜಾಗ ಸಾಲದೆ ಓರೆಯಾಗಿ ಬರೆದ ಇನ್ನೊಂದು ಸಾಲಿತ್ತು: "ಊರಮನೆಗೆ ಗಿರಾಕಿ ಬಂದಿದ್ದಾನೆ. ದೀಪಾವಳಿಯೊಳಗೆ ಅದನ್ನೂ ಮುಗಿಸುವ ವಿಚಾರವಿದೆ."

ಪತ್ರವನ್ನು ನಾವು ಎರಡು ಸಲ ಓದಿದೆವು. ಮೊಮ್ಮಕ್ಕಳಿಗೆ ಹಳ್ಳಿ ತೋರಿಸಲು ಅತಿಥಿಗೃಹ ಹುಡುಕುತ್ತಿರುವ ಈ ಹಿರಿಯರ ಕಿಸೆಯಲ್ಲಿಯೇ ಹಳ್ಳಿಯ ಮನೆಯ ಕೀಲಿಕೈ ಇದೆಯಲ್ಲ! ಅವರಿಗೆ ನಾವು ಬರೆದ ಉತ್ತರವು ಇನ್ನೂ ಹಲವು ಮನೆಗಳಿಗೆ ಬೇಕಾದೀತೆಂದು ತೋರಿದುದರಿಂದ, ಈ ತಿಂಗಳ ಅಂಕಣದಲ್ಲಿ ಅದನ್ನೇ ಸ್ವಲ್ಪ ವಿಸ್ತರಿಸಿ ಕೊಡುತ್ತಿದ್ದೇವೆ.

ಮೊದಲು ಆ ಮಗನ ವಿಚಾರ. ಹೋದ ವರ್ಷ ಆತನು ರಜೆಯಲ್ಲಿ ಎಲ್ಲಿಗೂ ವಿಮಾನ ಹತ್ತಲಿಲ್ಲವಂತೆ. ಯಾರ್ಕ್‌ಶೈರ್ ಪ್ರಾಂತದ ಒಂದು ಕಣಿವೆಯಲ್ಲಿ, ರೈತನೊಬ್ಬನು ತನ್ನ ಹಳೆಯ ಕೊಟ್ಟಿಗೆಯನ್ನೇ ದುರಸ್ತಿಮಾಡಿ ಬಾಡಿಗೆಗೆ ಕೊಡುವ ಮನೆಯಲ್ಲಿ, ಕುಟುಂಬಸಮೇತ ಒಂದು ವಾರ ಕಳೆದನಂತೆ. ಇದನ್ನು ಅಲ್ಲಿಯ ಜನ 'ಸ್ಟೇಕೇಶನ್' ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದ್ದ ನಾಡಿನಲ್ಲಿಯೇ ಕಳೆಯುವ ರಜೆ. 2020ರಲ್ಲಿ ಕೊರೋನಾ ವ್ಯಾಧಿಯ ದೆಸೆಯಿಂದ ದೇಶದೇಶಗಳ ಬಾಗಿಲು ಮುಚ್ಚಿದಾಗ ಈ ಪದ್ಧತಿ ಅಲ್ಲಿ ಬಹಳ ಬಲಗೊಂಡಿತು. ಆ ಕಣಿವೆಗಳಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಬದುಗಳಿವೆ. ಕುರಿ ಮೇಯುವ ಹುಲ್ಲುಗಾವಲುಗಳಿವೆ. ರೈತನ ಹೊಲದ ನಡುವೆಯೇ ಸಾರ್ವಜನಿಕರು ನಡೆಯಬಹುದಾದ ಕಾಲುದಾರಿಗಳಿವೆ. 1949ರಲ್ಲಿ ಆ ದೇಶದವರು ಒಂದು ಕಾಯಿದೆ ಮಾಡಿ, ಊರೂರಿನ ಇಂಥ ಹಳೆಯ ಕಾಲುದಾರಿಗಳನ್ನೆಲ್ಲ ನಕಾಶೆಯ ಮೇಲೆ ಗುರುತಿಸಿ ಕಾಪಾಡುವ ಏರ್ಪಾಡು ಮಾಡಿದರು. 1951ರಲ್ಲಿ ಹಳ್ಳಿಗಾಡಿಗೆ ಬರುವವರು ಪಾಲಿಸಬೇಕಾದ ನಿಯಮಗಳನ್ನು ಮುದ್ರಿಸಿ ಹಂಚಿದರು. ತೆರೆದ ಗೇಟನ್ನು ಮುಚ್ಚಿರಿ, ಪೈರು ತುಳಿಯಬೇಡಿರಿ, ನಿಮ್ಮ ಕಸವನ್ನು ನೀವೇ ಒಯ್ಯಿರಿ ಎಂಬಂಥ ಸಾದಾ ಮಾತುಗಳು. ನಮ್ಮ ಹಿರಿಯರು ಬದುವಿನ ಮೇಲೆ ನಿಂತು ಮಕ್ಕಳಿಗೆ ಹೇಳುತ್ತಿದ್ದುದೂ ಇವನ್ನೇ.

ಅಂಥ ಕಣಿವೆಯಲ್ಲಿ ಒಂದು ವಾರ ಇದ್ದು ಬಂದ ಮಕ್ಕಳು ತಂದೆಯನ್ನು ಕೇಳಿದರಂತೆ, "ಅಪ್ಪಾ, ನಿನ್ನ ಕಣಿವೆ ಎಲ್ಲಿದೆ?" ಎಂದು. ಅದಕ್ಕಾಗಿಯೇ ಈ ಪ್ರಯಾಣ. ಆ ಪ್ರಶ್ನೆಗೆ ಸಾಗರದ ಅತಿಥಿಗೃಹವಾಗಲಿ, ಚಿಕ್ಕಮಗಳೂರಿನ ಕಾಫಿ ತೋಟವಾಗಲಿ ಉತ್ತರವಾಗುವುದೆ? ಆ ಸ್ಥಳಗಳು ಸುಂದರವಾದುವೇ. ಆದರೆ ಅವು ಆತನ ಊರಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವು ಬೆಟ್ಟದ ವಿಷಯದಲ್ಲಿ ಒಪ್ಪುತ್ತೇವೆ, ರಜೆಯ ವಿಷಯದಲ್ಲಿ ಮರೆಯುತ್ತೇವೆ.

ಹೀಗಿರಲು ನಮ್ಮ ಸಲಹೆ ಇಷ್ಟೆ: ಮೊಮ್ಮಕ್ಕಳು ಏಳು ದಿನ ಹಂಸಭಾವಿಯ ಆ ಮನೆಯಲ್ಲಿಯೇ ಇರಲಿ. ಮಾರುವುದು, ಬಿಡುವುದು ಆ ಮೇಲಿನ ಮಾತು.

ಆದರೆ ಇದು ಬರಿಯ ಭಾವನೆಯಿಂದ ಆಗುವ ಕೆಲಸವಲ್ಲ. ಮೂರು ವರ್ಷ ಬೀಗ ಹಾಕಿದ ಮನೆಯನ್ನು ಹಿಂದಿನ ದಿನ ತೆರೆದು ಕಸ ಗುಡಿಸಿದರೆ ಅದು ಮನೆಯಾಗದು. ಕನಿಷ್ಠ ಒಂದು ತಿಂಗಳು ಮೊದಲೇ ಬಾಗಿಲು ಕಿಟಕಿಗಳನ್ನು ತೆರೆದು ಗಾಳಿಯಾಡಲು ಬಿಡಬೇಕು. ಆಗಸ್ಟೆಂದರೆ ಮಳೆಗಾಲ. ಆದುದರಿಂದ ಹಂಚು ಕೈಯಾಡಿಸುವ ಕೆಲಸ ಮೃಗಶಿರಾ ಮಳೆಗೆ ಮುಂಚೆಯೇ ಮುಗಿಯಬೇಕು. ವಿದ್ಯುತ್ ತಂತಿಗಳನ್ನು ತಿಳಿದವರಿಂದ ಪರೀಕ್ಷಿಸಬೇಕು; ಇಲಿ ಕಡಿದ ತಂತಿ ಹಸಿ ಗೋಡೆಯಲ್ಲಿ ಪ್ರಾಣಾಂತಿಕ. ಹಿತ್ತಿಲಲ್ಲಿ ಬಿದ್ದಿರುವ ಸೌದೆ, ಕಲ್ಲು, ಹಳೆಯ ಹಂಚಿನ ರಾಶಿಯನ್ನು ಹಗಲಿನಲ್ಲಿ ಕೋಲಿನಿಂದ ಸದ್ದು ಮಾಡುತ್ತ ತೆಗೆಸಬೇಕು. ನಾಗರ ಪಂಚಮಿಯ ಅತಿಥಿಯು ಹುತ್ತದಲ್ಲಿರುವುದೇ ಲೇಸು, ಹಿತ್ತಿಲಲ್ಲಲ್ಲ.

ಎಲ್ಲಕ್ಕಿಂತ ಮೊದಲು ಶೌಚಾಲಯ ಸರಿಯಾಗಬೇಕು. ಇದನ್ನು ಬರೆಯಲು ಸಂಕೋಚಪಡುವ ಕಾರಣವಿಲ್ಲ. ಊರಿಗೆ ಬಂದ ಮಕ್ಕಳು ಎರಡನೆಯ ದಿನವೇ ಪೇಟೆಗೆ ಹಿಂದಿರುಗಲು ಹಟಮಾಡುವುದು ಹೆಚ್ಚಾಗಿ ಇದೊಂದೇ ಕಾರಣದಿಂದ. ಅನಂತರ ನೀರು. ಕುಡಿಯುವ ನೀರನ್ನು ಕುದಿಸಿ ಆರಿಸಿಡಬೇಕು. ತೊಟ್ಟಿ, ಹಂಡೆ, ಡ್ರಮ್ಮುಗಳಿಗೆ ಮುಚ್ಚಳವಿರಬೇಕು. ಡೆಂಗ್ಯೂ ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುವಂಥದು, ಮನೆಯ ಒಳಗೂ ಸುತ್ತಲೂ ನಿಂತ ತಿಳಿನೀರಿನಲ್ಲಿ ಹುಟ್ಟುವಂಥದು. ಸೊಳ್ಳೆಪರದೆ, ಪೂರ್ಣ ತೋಳಿನ ಅಂಗಿ, ಭೇದಿಯಾದರೆ ಕೊಡುವ ಉಪ್ಪು ಸಕ್ಕರೆಯ ಪುಡಿ ಇವು ಮನೆಯಲ್ಲಿರಲಿ. ಹೊರದೇಶದಲ್ಲಿ ಬೆಳೆದ ಮಕ್ಕಳಿಗೆ ಹೊರಡುವ ಮೊದಲೇ ಅಲ್ಲಿಯ ವೈದ್ಯರನ್ನು ಕೇಳಿ ವಿಷಮಶೀತಜ್ವರ ಮೊದಲಾದುವುಗಳ ಲಸಿಕೆ ಹಾಕಿಸುವುದು ಕ್ಷೇಮ.

ಇನ್ನು ಬರುವ ಕಾಲದ ಮಾತು. ಬೆಂಗಳೂರಿನ ಮೊಮ್ಮಕ್ಕಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಬಿಡುವು. ಆಗ ಮಾವಿನಹಣ್ಣುಂಟು, ಆದರೆ ಬಿಸಿಲೂ ನೀರಿನ ಕೊರತೆಯೂ ಉಂಟು. ಇಂಗ್ಲೆಂಡಿನ ಶಾಲೆಗಳಿಗೆ ಜುಲೈ ಕೊನೆಯಿಂದ ಸುಮಾರು ಆರು ವಾರ ರಜೆ. ಅದು ನಮ್ಮ ಆಷಾಢ ಶ್ರಾವಣಗಳ ಕಾಲ. ಪಂಚಾಂಗ ನೋಡಿ ನಾಗರ ಪಂಚಮಿಗೆ ಕೂಡಿಬರುವಂತೆ ಗೊತ್ತುಮಾಡಿಕೊಂಡರೆ ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ತವರಿಗೆ ಬಂದ ಹೆಣ್ಣುಮಕ್ಕಳು, ಮರಕ್ಕೆ ಕಟ್ಟಿದ ಜೋಕಾಲಿ, ಶೇಂಗಾ ಉಂಡಿ, ಎಳ್ಳುಂಡಿ, ಅರಳು. ಮಕ್ಕಳಿಗೆ ಕನ್ನಡ ಬಾರದೆ ಹೋದರೂ ಜೋಕಾಲಿಯ ಮೇಲೆ ಒಬ್ಬರನ್ನೊಬ್ಬರು ತಳ್ಳಲು ಯಾವ ಭಾಷೆಯೂ ಬೇಕಿಲ್ಲ. ಆ ಹೊತ್ತಿಗೆ ಗೋವಿನಜೋಳ ಆಳೆತ್ತರ ಬೆಳೆದಿರುತ್ತದೆ, ಹತ್ತಿ ಇನ್ನೂ ಮೊಳಕಾಲೆತ್ತರ ಇರುತ್ತದೆ, ಕೆರೆಗೆ ನೀರು ಬಂದಿರುತ್ತದೆ. ಪ್ರಯಾಣವೂ ಈಗ ಕಷ್ಟದ್ದಲ್ಲ. ಬೆಂಗಳೂರಿನಿಂದ ಹಾವೇರಿಗೆ ಅಥವಾ ಬ್ಯಾಡಗಿಗೆ ರೈಲಿದೆ. ವಿಮಾನದಲ್ಲಿ ಬರುವವರಿಗೆ ಹುಬ್ಬಳ್ಳಿಯ ಜೊತೆಗೆ 2023ರಲ್ಲಿ ಆರಂಭವಾದ ಶಿವಮೊಗ್ಗದ ನಿಲ್ದಾಣವೂ ಇದೆ.

ಏಳು ದಿನಗಳನ್ನು ಹೇಗೆ ಕಳೆಯಬೇಕು? ನಮ್ಮವರು ಮಾಡುವ ದೊಡ್ಡ ತಪ್ಪೆಂದರೆ ದಿನಕ್ಕೆ ಐದು ಸ್ಥಳಗಳ ಪಟ್ಟಿ ಹಿಡಿದು ಮೋಟಾರಿನಲ್ಲಿ ಓಡುವುದು. ನಾವೂ ಒಮ್ಮೆ ಈ ತಪ್ಪು ಮಾಡಿದವರೇ. ಹಲವು ವರ್ಷಗಳ ಹಿಂದೆ, ವೈಶಾಖದ ಒಂದು ದಿನ, ವಿದ್ಯಾರ್ಥಿಗಳನ್ನು ಕರೆದುಕೊಂಡು ಬೆಳಗಿನಿಂದ ನಾಲ್ಕು ಗುಡಿಗಳನ್ನು ತೋರಿಸಿ, ನಡುಹಗಲಿನಲ್ಲಿ ಐದನೆಯದರ ಶಾಸನವನ್ನು ವಿವರಿಸುತ್ತಿದ್ದೆವು. ಹುಡುಗನೊಬ್ಬ ಕಣ್ಣು ಕತ್ತಲಿಟ್ಟು ಶಾಸನದ ಬುಡದಲ್ಲಿಯೇ ಬಿದ್ದ. ನೀರು ಚಿಮುಕಿಸಿ ಎಬ್ಬಿಸಿದಾಗ ಅವನು ಕೇಳಿದ್ದು, "ಗುರುಗಳೆ, ಇನ್ನೂ ಎಷ್ಟು ಗುಡಿ ಇವೆ?" ಅಂದಿನಿಂದ ನಮ್ಮ ನಿಯಮ: ಒಂದು ದಿನ ಹೊರಗೆ, ಮರುದಿನ ಮನೆಯಲ್ಲಿ.

ಮೊದಲ ದಿನ ಪೂರ್ಣ ವಿಶ್ರಾಂತಿ. ಎರಡನೆಯ ದಿನ ಬೆಳಿಗ್ಗೆ ಅಜ್ಜನು ಮೊಮ್ಮಕ್ಕಳ ಕೈ ಹಿಡಿದು ಓಣಿಯಲ್ಲಿ ನಡೆಯಲಿ. ತಾನು ಓದಿದ ಶಾಲೆ, ಕಣ ಮಾಡುತ್ತಿದ್ದ ಜಾಗ, ಮಗನು ಬಿದ್ದು ಹಲ್ಲು ಮುರಿದುಕೊಂಡ ಕಟ್ಟೆ ಎಲ್ಲವನ್ನೂ ತೋರಿಸಲಿ. ಮೃತ್ಯುಂಜಯ ವಿದ್ಯಾಪೀಠದ ಶಾಲೆ ಬಿಡುವ ಹೊತ್ತಿಗೆ ರಸ್ತೆಯಲ್ಲಿ ಮಕ್ಕಳ ಪ್ರವಾಹವೇ ಬರುತ್ತದೆ. ಓರಗೆಯವರನ್ನು ಕಂಡರೆ ಮಕ್ಕಳ ಅರ್ಧ ಬಿಗುಮಾನ ಅಲ್ಲಿಯೇ ಕರಗುತ್ತದೆ.

ಮೂರನೆಯ ದಿನ ಹತ್ತಿರದ ಸಾತೇನಹಳ್ಳಿ ಮತ್ತು ಅಬ್ಬಲೂರು ಸಾಕು. ಸಾತೇನಹಳ್ಳಿಯ ಹನುಮಂತನು ಶಾಂತೇಶ, ಕದರಮಂಡಲಗಿಯವನು ಕಾಂತೇಶ, ಶಿಕಾರಿಪುರದವನು ಭ್ರಾಂತೇಶ. ಮೂವರನ್ನೂ ಒಂದೇ ದಿನ ದರ್ಶನ ಮಾಡುವವರುಂಟು. ಮಕ್ಕಳಿಗೆ ಒಬ್ಬನು ಸಾಕು, ಉಳಿದಿಬ್ಬರ ಕಥೆ ಹೇಳಿದರಾಯಿತು. ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನ ಚರಿತ್ರೆಯನ್ನು ಹೇಳುವ, ಕ್ರಿ.ಶ. 1200ರ ಸುಮಾರಿನ ಶಾಸನವಿದೆ. ಫ್ಲೀಟ್ ಎಂಬ ಆಂಗ್ಲ ವಿದ್ವಾಂಸರು ಅದನ್ನು ಓದಿ ಪ್ರಕಟಿಸಿದರು. ಅದರಲ್ಲಿ ಶೈವರಿಗೂ ಜೈನರಿಗೂ ನಡೆದ ಪಂಥದ ಪ್ರಸಂಗವಿದೆ. ಎಂಟುನೂರು ವರ್ಷಗಳ ಹಿಂದಿನ ಆ ಕಲಹವನ್ನು ಮಕ್ಕಳಿಗೆ ಹೇಳುವಾಗ ಯಾರನ್ನೂ ಹಳಿಯದೆ, ಅಂದು ಹೀಗೆ ನಡೆಯಿತೆಂದು ಶಾಸನ ಹೇಳುತ್ತದೆ ಎಂದಷ್ಟೇ ಹೇಳುವುದು ವಿವೇಕ. ಸರ್ವಜ್ಞ ಕವಿಯ ತಾಯಿ ಈ ಊರಿನವಳು, ತಂದೆ ಮಾಸೂರಿನವನು ಎಂಬ ಐತಿಹ್ಯವೂ ಇದೆ.

ನಾಲ್ಕನೆಯ ದಿನ ಹೊಲ. ಮಕ್ಕಳು ಕೆಸರು ತುಳಿಯಲಿ, ಎತ್ತಿನ ಮೈ ತಡವಲಿ. ಹೊಲ ಬೇರೆಯವರ ಉತ್ತಾರದಲ್ಲಿದ್ದರೂ ಚಿಂತೆಯಿಲ್ಲ. ಬದುವಿನ ಮೇಲೆ ಬುತ್ತಿ ಬಿಚ್ಚಿ ಊಟ ಮಾಡಲು ಯಾರೂ ಬೇಡವೆನ್ನರು, ಕೇಳಿ ಕುಳಿತರೆ ಮಜ್ಜಿಗೆಯೂ ಬಂದೀತು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇರಲಿ. ಕೆಂಪು ಬಣ್ಣ ಕಂಡು ಹೊರದೇಶದ ಸೊಸೆ ಅಂಜಿದರೆ, ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಧೈರ್ಯ ಹೇಳಬಹುದು.

ಐದನೆಯ ದಿನಕ್ಕೆ ಎರಡು ದಾರಿಗಳಿವೆ. ಮಳೆ ಚೆನ್ನಾಗಿ ಆಗಿದ್ದರೆ ಮಾಸೂರಿನ ಕಡೆಗೆ ಹೋಗಿ ಮದಗದ ಕೆರೆಯನ್ನು ನೋಡಬೇಕು. ಗುಡ್ಡಗಳ ನಡುವೆ ಕುಮುದ್ವತಿ ನದಿಗೆ ವಿಜಯನಗರದ ಕಾಲದಲ್ಲಿ ಕಟ್ಟಿದ ಕೆರೆ ಅದು. ಏರಿ ಒಡೆದು ಅದರ ಹಳೆಯ ವಿಸ್ತಾರದಲ್ಲಿ ಈಗ ಒಂದು ಭಾಗವಷ್ಟೇ ಉಳಿದಿದೆ. ಆದರೂ ತುಂಬಿ ಹರಿಯುವಾಗ ಅಲ್ಲಿ ಧುಮುಕುವ ನೀರನ್ನು ಕಂಡ ಮಗು ಅದನ್ನು ಮರೆಯಲಾರದು. ಬಂಡೆಗಳು ಪಾಚಿಗಟ್ಟಿರುತ್ತವೆ. ದೂರದಿಂದ ನೋಡಿ ಬರಬೇಕು, ನೀರಿಗಿಳಿಯಕೂಡದು. ಅದೇ ದಾರಿಯಲ್ಲಿ ರಟ್ಟಿಹಳ್ಳಿಯ ಕದಂಬೇಶ್ವರವನ್ನೂ ನೋಡಬಹುದು.

ಮಳೆ ಕಡಿಮೆಯಾಗಿದ್ದರೆ ಹಿರೇಕೆರೂರಿನಿಂದ ಶಿರಾಳಕೊಪ್ಪದ ದಾರಿ ಹಿಡಿದು ಬಳ್ಳಿಗಾವಿಗೆ ಹೋಗಬಹುದು. ಅಲ್ಲಮಪ್ರಭುವಿನ ಜನ್ಮಸ್ಥಳವೆಂದು ಪ್ರತೀತಿಯಿರುವ ಊರು ಅದು. ಅಕ್ಕಮಹಾದೇವಿಯ ಉಡುತಡಿಯೂ ಸಮೀಪದಲ್ಲಿಯೇ ಇದೆ. ಮೂರು ಗರ್ಭಗುಡಿಗಳ ಕೇದಾರೇಶ್ವರ ದೇವಾಲಯದ ಬಳಿ ಇದ್ದ ಕೋಡಿಯ ಮಠದ ವಿಷಯವನ್ನು 1162ರ ಶಾಸನವೊಂದು ಹೇಳುತ್ತದೆ. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಅಧ್ಯಯನ ನಡೆಯುತ್ತಿತ್ತು. ಅದರ ಜೊತೆಗೇ ದೀನರು, ಕುಂಟರು, ಕುರುಡರು, ಕಲಾವಿದರು, ದಾರಿಹೋಕರು ಎಲ್ಲರಿಗೂ ಅನ್ನ ದೊರೆಯುತ್ತಿತ್ತು, ರೋಗಿಗಳಿಗೆ ಔಷಧ ದೊರೆಯುತ್ತಿತ್ತು. ವಿದ್ಯೆಯನ್ನೂ ಅನ್ನವನ್ನೂ ಒಂದೇ ಸೂರಿನಡಿ ಇಟ್ಟ ಊರನ್ನು ಮಕ್ಕಳು ನೋಡಿಬರಲಿ.

ಹೆಚ್ಚು ದಿನ ಇರುವವರು ಮಾತ್ರ ದೂರ ಹೋಗಬಹುದು. ಹಾನಗಲ್ಲಿನ ತಾರಕೇಶ್ವರದ ಮಂಟಪದಲ್ಲಿ ತಲೆಯೆತ್ತಿ ನೋಡಿದರೆ ಕಲ್ಲಿನ ಕಮಲ ತೂಗುತ್ತದೆ. ಬಂಕಾಪುರದ ಕೋಟೆಯಲ್ಲಿ 2006ರಿಂದ ನವಿಲುಧಾಮವಿದೆ, ಖಿಲಾರಿ ತಳಿಯ ದನಗಳೂ ಇವೆ. ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿ ಆಫ್ರಿಕ ಮೂಲದ ಮೂರು ಮಹಾವೃಕ್ಷಗಳಿವೆ. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬುಡಸಮೇತ ಉರುಳಿತು. ಬಿದ್ದ ಮರವನ್ನು ಸೌದೆ ಮಾಡದೆ, ಕೊಂಬೆಗಳನ್ನು ತಗ್ಗಿಸಿ, ಯಂತ್ರಗಳಿಂದ ಎತ್ತಿ ಮತ್ತೆ ನೆಲದಲ್ಲಿ ನೆಟ್ಟರು. ಪರದೇಶದಿಂದ ಬಂದು ಇಲ್ಲಿ ಬೇರೂರಿದ ಮರವನ್ನು ಪರದೇಶದಲ್ಲಿ ಹುಟ್ಟಿದ ನಮ್ಮ ಮಕ್ಕಳು ಮುಟ್ಟಿ ನೋಡುವುದು ಒಳ್ಳೆಯದು.

ಈಗ ಒಂದು ಕಠಿಣವಾದ ಮಾತು. ಊರಿಗೆ ನೆಂಟರು ಬಂದರೆಂದರೆ ಸಂತೋಷ ಎಲ್ಲರದು, ಹೊಗೆ ಮಾತ್ರ ಒಲೆಯ ಮುಂದೆ ಕುಳಿತವಳದು. ಹಾವೇರಿಯ ಕಿರಿಯ ಸೊಸೆ ಏಳು ದಿನ ರಜೆ ಹಾಕಿ ಬಂದು ಎಂಟು ಜನರಿಗೆ ಮೂರು ಹೊತ್ತು ಬೇಯಿಸುವುದಾದರೆ, ಅದು ಯಾರ ರಜೆ? ಅವಳು ಬಾಯಿಬಿಟ್ಟು ಹೇಳಲಾರಳು. ದಾಸೋಹವೆಂದರೆ ಒಬ್ಬಳ ಬೆನ್ನಿನ ಮೇಲೆ ಹೊರಿಸಿದ ಮೂಟೆಯಲ್ಲ, ಹಂಚಿಕೊಂಡ ಕಾಯಕ. ಆದುದರಿಂದ ಬರುವ ಮೊದಲೇ ಗೊತ್ತಾಗಲಿ: ರೊಟ್ಟಿಗೆ ಊರಿನ ತಾಯಿಯೊಬ್ಬರನ್ನು ಕೇಳಿ, ಅವರು ಹೇಳಿದಷ್ಟು ಕೂಲಿಯನ್ನು ಚೌಕಾಶಿಯಿಲ್ಲದೆ ಕೊಡುವುದು, ಪಾತ್ರೆ, ನೀರು, ಕಸ ಗಂಡಸರದು, ಒಂದು ಹೊತ್ತಿನ ಅಡಿಗೆ ಇಂಗ್ಲೆಂಡಿನಿಂದ ಬಂದ ಮಗನದು. ಅಲ್ಲಿ ಆತನು ದಿನವೂ ಮಾಡುತ್ತಾನೆ. ಇಲ್ಲಿ ಬಂದಕೂಡಲೆ ಮರೆಯುವುದೇಕೆ?

ಮತ್ತೊಂದು. ಕೊನೆಯ ದಿನ ಪೆಟ್ಟಿಗೆ ಕಟ್ಟುವುದರಲ್ಲಿಯೇ ಕಳೆಯಬಾರದು. ಅಂದು ಎಡಬಲದ ಮನೆಯವರನ್ನು ಪ್ರಸಾದಕ್ಕೆ ಕರೆಯಬೇಕು. ಮೂರು ವರ್ಷ ಬೀಗದ ಮನೆಯ ಮೇಲೆ ಕಣ್ಣಿಟ್ಟವರು, ಸೂರಿನ ನೀರು ಓಣಿಗೆ ಬಿದ್ದರೂ ಸುಮ್ಮನಿದ್ದವರು ಅವರೇ.

ಇಷ್ಟೆಲ್ಲ ಏಕೆ ಒತ್ತಿ ಹೇಳುತ್ತಿದ್ದೇವೆಂಬುದನ್ನು ಓದುಗರ ಮುಂದೆ ಮರೆಮಾಚುವುದಿಲ್ಲ. ನಾವು ಒಂಬತ್ತನೆಯ ವಯಸ್ಸಿನಲ್ಲಿ ಮಠದ ಪಾಠಶಾಲೆಗೆ ಸೇರಿದವರು. ವರ್ಷಕ್ಕೊಮ್ಮೆ ಊರಿಗೆ ಹೋದರೂ ಮಠದ ಕೆಲಸವೆಂದು ಮರುದಿನವೇ ಹೊರಡುತ್ತಿದ್ದೆವು. 1994ರಲ್ಲಿ ತಾಯಿಯವರು ಲಿಂಗೈಕ್ಯರಾದರು. ಮನೆಯನ್ನು ನೋಡಿಕೊಳ್ಳುವವರಿರಲಿಲ್ಲ. ಅದೇ ವರ್ಷ ಒಂದು ಮಧ್ಯಾಹ್ನ ಕಾಗದಗಳಿಗೆ ಸಹಿಮಾಡಿ, ಸಂಜೆಯ ಬಸ್ಸಿಗೆ ಹಿಂದಿರುಗಿದೆವು. ಒಂದು ರಾತ್ರಿ ಅಲ್ಲಿ ಮಲಗಬೇಕೆಂದು ನಮಗೆ ತೋಚಲಿಲ್ಲ. ಮರುವರ್ಷ ಆ ಓಣಿಯಲ್ಲಿ ಹಾದುಹೋಗುವ ಸಂದರ್ಭ ಬಂದಿತು. ಮನೆಯ ಮುಂಭಾಗ ಗೊಬ್ಬರದ ಅಂಗಡಿಯಾಗಿತ್ತು. ತಾಯಿಯವರ ಬೀಸುವ ಕಲ್ಲನ್ನು ಮಗುಚಿ ಬಾಗಿಲ ಮುಂದೆ ಮೆಟ್ಟಿಲು ಮಾಡಿದ್ದರು. ಕೊಂಡವರ ತಪ್ಪೇನೂ ಇರಲಿಲ್ಲ. ಅಂಗಡಿಯವರು "ಒಳಗೆ ಬರ್ರಿ" ಎಂದು ಆದರದಿಂದ ಕರೆದರು. ಆ ಕಲ್ಲಿನ ಮೇಲೆ ಕಾಲಿಟ್ಟು ಒಳಗೆ ಹೋಗಲು ನಮ್ಮಿಂದಾಗಲಿಲ್ಲ.

ಮನೆ ಮಾರುವುದು ಪಾಪವೆಂದು ನಾವು ಹೇಳುತ್ತಿಲ್ಲ. ಇರುವವರಿಲ್ಲದ ಮನೆಯನ್ನು ಮಣ್ಣುಗೂಡಲು ಬಿಡುವುದಕ್ಕಿಂತ, ಬಾಳುವವರಿಗೆ ಕೊಡುವುದೇ ಮೇಲು. ಹಿರಿಯರಿಗೆ ಆ ಹಣದ ಅಗತ್ಯವೂ ಇರಬಹುದು. ಆದರೆ ತಂದೆಯು "ಮಕ್ಕಳಿಗೆ ಬೇಡವಾಗಿದೆ" ಎಂದೂ, ಮಗನು "ಅಪ್ಪನಿಗೆ ಹೊರೆಯಾಗಿದೆ" ಎಂದೂ ಮನಸ್ಸಿನಲ್ಲಿಯೇ ತೀರ್ಮಾನಿಸಿಕೊಂಡು, ಒಬ್ಬರನ್ನೊಬ್ಬರು ಕೇಳದೆ ಸಹಿಮಾಡುವ ಮನೆಗಳನ್ನು ನಾವು ಎಷ್ಟೋ ಕಂಡಿದ್ದೇವೆ. ದೂರವಾಣಿಯಲ್ಲಿ ಈ ಮಾತು ಬರುವುದಿಲ್ಲ. ಅತಿಥಿಗೃಹದ ಊಟದ ಮೇಜಿನಲ್ಲಿಯೂ ಬರುವುದಿಲ್ಲ. ಐದಾರು ದಿನ ಒಂದೇ ಸೂರಿನಡಿ ಕಳೆದ ಮೇಲೆ, ರಾತ್ರಿ ದೀಪ ಹೋದಾಗ, ಕಟ್ಟೆಯ ಮೇಲೆ ಕುಳಿತಿರುವಾಗ ಬರುವ ಮಾತು ಅದು. ಅದಕ್ಕಾಗಿಯೇ ಏಳು ದಿನ ಬೇಕೆಂದೆವು.

ಈ ಬರೆಹವನ್ನು ಅಚ್ಚಿಗೆ ಕಳುಹಿಸುವ ಹಿಂದಿನ ಸಂಜೆ ಆ ಹಿರಿಯರು ದೂರವಾಣಿ ಮಾಡಿದ್ದರು. ಮನೆಯ ಬೀಗ ತುಕ್ಕು ಹಿಡಿದು ಕೀಲಿ ತಿರುಗಲಿಲ್ಲವಂತೆ, ಒಡೆದು ತೆಗೆಸಿದರಂತೆ. ಹಂಚಿನವನು ನೋಡಿ ಹೋಗಿದ್ದಾನೆ. ಗಿರಾಕಿಗೆ ಶ್ರಾವಣ ಕಳೆಯಲಿ ಎಂದು ಹೇಳಿದ್ದಾರೆ. "ಜೋಕಾಲಿ ಕಟ್ಟಲು ತೊಲೆ ಗಟ್ಟಿಯಿದೆಯೋ ಇಲ್ಲವೋ, ನೀವೊಮ್ಮೆ ಬಂದು ನೋಡಬೇಕು" ಎಂದರು.

ತೊಲೆಯ ಪರೀಕ್ಷೆ ನಮ್ಮ ವಿದ್ಯೆಯಲ್ಲ. ಆದರೂ ಹೋಗಿಬರುವವರಿದ್ದೇವೆ.